ದೂರಿನ ಪ್ರತಿ ಕೈಗೆ ಬಂದ ರಾತ್ರಿ ಫೋನ್ ಮುಟ್ಟಬೇಡಿ

ಕಳೆದ ಮಳೆಗಾಲದ ಒಂದು ಶುಕ್ರವಾರ. ಮಂಗಳೂರಿನ ನಮ್ಮ ಆಫೀಸಿನಲ್ಲಿ ಎಚ್‌ಆರ್ ಮೇಡಂ ಕರೆದು ಒಂದು ಲಕೋಟೆ ಕೊಟ್ಟರು, ಸಹಿ ಹಾಕಿಸಿಕೊಂಡರು. ಒಳಗೆ ನನ್ನ ಮೇಲೆ ಲೈಂಗಿಕ ಕಿರುಕುಳದ ದೂರು. ಕೊಟ್ಟವರು ನನ್ನ ಟೀಮಿನವರೇ. ಜೊತೆಗೆ ನನ್ನ ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್. ರಾತ್ರಿ 11.40ಕ್ಕೆ ಕಳಿಸಿದ್ದು: 'ಇವತ್ತಿನ ಸೀರೆ ಭಾರಿ ಚಂದ ಇತ್ತು.' ಅದಕ್ಕೆ ಉತ್ತರ ಇಲ್ಲ. ಮರುದಿನ ಮತ್ತೆ ನಾನೇ: 'ಕೋಪವಾ?'

ತಮಾಷೆ ಅಂದುಕೊಂಡಿದ್ದೆ. ಕಾಗದದ ಮೇಲೆ ಓದುವಾಗ ತಮಾಷೆ ಅನ್ನಿಸಲಿಲ್ಲ.

ಆ ರಾತ್ರಿ ನಾನು ಮಾಡಿದ ಕೆಲಸಗಳನ್ನು ಯಾರೂ ಮಾಡಬೇಡಿ. ಸಾರಿ ಕೇಳೋಣ ಅಂತ ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಅವರ ಅಣ್ಣ ಎತ್ತಿ, 'ಇನ್ನು ಈ ನಂಬರಿಗೆ ಮಾಡ್ಬೇಡಿ, ಆಯ್ತಾ?' ಅಂದರು. ಮೂರೂ ಕಾಲ್ ಸೋಮವಾರ, ಇಂಥ ದೂರು ವಿಚಾರಿಸುವ ಆಫೀಸಿನ ಕಮಿಟಿಯ ಫೈಲಿನಲ್ಲಿದ್ದವು, ಒತ್ತಡ ಹಾಕಿದ್ದಾರೆ ಅಂತ. ಆಮೇಲೆ ಹೆದರಿ ಚಾಟ್ ಪೂರ್ತಿ ಅಳಿಸಿದೆ. ಹಳೇ ಮೆಸೇಜು ಅಳಿದದ್ದು ನನ್ನ ಫೋನಿನಲ್ಲಿ ಮಾತ್ರ, ಅವರಲ್ಲಿ ಹಾಗೇ ಉಂಟು! ನನಗೆ ಉಪಯೋಗ ಆಗಬಹುದಾಗಿದ್ದ ಕೆಲಸದ ಮಾತುಕತೆಯೂ ಅದರ ಜೊತೆ ಹೋಯಿತು. ಚಹಾ ಕುಡಿಯುವಾಗ ಇಬ್ಬರು ಗೆಳೆಯರಿಗೆ ಹೇಳಿದೆ. ಸಂಜೆಯೊಳಗೆ ಇಡೀ ಮಹಡಿಗೆ ಗೊತ್ತಾಯಿತು. ದೂರಿನ ವಿಷಯ ಹೊರಗೆ ಬಿಡುವ ಹಾಗಿಲ್ಲ, ಅದಕ್ಕೆ 5,000 ರೂಪಾಯಿ ದಂಡ ಉಂಟು ಅಂತ ಆಮೇಲೆ ತಿಳಿಯಿತು. ಸಂಬಳದಲ್ಲಿ ಹಿಡಿದರು.

ಉತ್ತರ ಕೊಡಲು ಇರುವುದು 10 ಕೆಲಸದ ದಿನ. ಸಾಕ್ಷಿಗಳ ಹೆಸರು, ವಿಳಾಸ, ದಾಖಲೆ ಎಲ್ಲ ಅದರೊಳಗೇ ಕೊಡಬೇಕು. ನಾನು ನಾಲ್ಕು ದಿನ ಕೊಡಿಯಾಲ್‌ಬೈಲಿನಲ್ಲಿ ವಕೀಲರನ್ನು ಹುಡುಕುತ್ತಾ ಕಳೆದೆ. ಕಮಿಟಿ ಎದುರು ನಮ್ಮ ಪರವಾಗಿ ವಕೀಲರು ಬರುವಂತಿಲ್ಲ! ಸಲಹೆ ಕೇಳಬಹುದು, ಅಷ್ಟೆ. ಆಮೇಲೆ ಕೂತು 11 ಪುಟ ಬರೆದೆ. ಅವರ ರಜೆ, ಅವರು ತಡವಾಗಿ ಬರುವುದು, ಅವರ ಕೆಲಸದ ತಪ್ಪು, ಎಲ್ಲ. ಹಿಂದೆ ಯೂನಿಯನ್ನಿನಲ್ಲಿದ್ದ ಚಿಕ್ಕಪ್ಪ ಓದಿ, 'ಇದರಲ್ಲಿ ದೂರಿಗೆ ಉತ್ತರ ಎಲ್ಲುಂಟು ಮಾರಾಯ?' ಅಂದರು. ಒಂದೊಂದು ಆರೋಪಕ್ಕೆ ಒಂದೊಂದು ಪ್ಯಾರಾ ಬರೆಸಿದರು. ಕಳಿಸಿದ್ದನ್ನು ಕಳಿಸಿದ್ದೇನೆ ಅಂತ, ಆಗದ್ದನ್ನು ಆಗಿಲ್ಲ ಅಂತ. ಎರಡೇ ಪುಟ. ಕೊನೇ ದಿನ ಸಂಜೆ ಕೊಟ್ಟು ಸ್ವೀಕೃತಿ ತಗೊಂಡೆ.

ದೂರಿನಲ್ಲಿ ಹೆಗಲು ಮುಟ್ಟಿದ್ದು ಅಂತ ಬರೆದಿದ್ದ ದಿನ ನಾನು ಉಡುಪಿ ಬ್ರಾಂಚಿನಲ್ಲಿದ್ದೆ. ಹಾಜರಿ ದಾಖಲೆ ಕೊಟ್ಟೆ, ಕಮಿಟಿ ಒಪ್ಪಿತು. 'ಹಾಗಾದ್ರೆ ಸುಳ್ಳು ದೂರು, ನೀನೇ ತಿರುಗಿ ಕೇಸ್ ಹಾಕು' ಅಂತ ಅದೇ ಚಹಾ ಗೆಳೆಯರು. ಕಿವಿಗೆ ಹಾಕ್ಕೊಳ್ಳಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ದುರುದ್ದೇಶವನ್ನು ಬೇರೆಯೇ ತೋರಿಸಬೇಕು. ದಿನಾಂಕ ಯಾರಿಗೂ ತಪ್ಪಬಹುದು, ಅಲ್ವಾ?

ಮೆಸೇಜಿನ ವಿಷಯ ಬಂದಾಗ ಕಮಿಟಿಯಲ್ಲಿದ್ದ ಆಫೀಸಿನ ಹೊರಗಿನ ಸದಸ್ಯೆ ಮೆತ್ತಗೆ ಕೇಳಿದರು: 'ಮೊದಲನೇದಕ್ಕೆ ಉತ್ತರ ಬರಲಿಲ್ಲ. ಎರಡನೇದು ಯಾಕೆ ಕಳಿಸಿದಿರಿ?' ಎದುರಿದ್ದ ನೀರಿನ ಲೋಟ ತಿರುಗಿಸುತ್ತಾ ಕೂತೆ.

ಕೊನೆಗೆ ನನಗೆ ಸಿಕ್ಕಿದ ಶಿಕ್ಷೆ: ಲಿಖಿತ ಕ್ಷಮಾಪಣೆ, ಒಂದು ಇನ್‌ಕ್ರಿಮೆಂಟ್ ಕಟ್. ಮೇಲ್ಮನವಿಗೆ 90 ದಿನ ಇತ್ತು. ಹೋಗೋದಾ ಅಂತ ಚಿಕ್ಕಪ್ಪನನ್ನು ಕೇಳಿದೆ.

'ಹೋಗಿ ಎಂಥ ಹೇಳ್ತಿ?' ಅಂದರು.

ಹೋಗಲಿಲ್ಲ.