ಎರಡು 3090 ಕಾರ್ಡಿಗೆ ಫ್ರ್ಯಾಕ್ಟಲ್ ಟೊರೆಂಟ್ ಕ್ಯಾಬಿನೆಟ್: ಗಾಳಿಗೆ ಕೊರತೆ ಇಲ್ಲ, ಆದರೆ ಅಷ್ಟೇ ಸಾಲದು

ಮೊದಲೇ ಹೇಳಿಬಿಡುತ್ತೇನೆ. ಎರಡು ದಪ್ಪ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು, ನೀರಿನ ಕೂಲಿಂಗ್ ಸಹವಾಸ ಬೇಡ, ಬರೀ ಗಾಳಿಯಲ್ಲೇ ತಣ್ಣಗಿಡಬೇಕು ಅನ್ನುವವರಿಗೆ ಫ್ರ್ಯಾಕ್ಟಲ್ ಡಿಸೈನ್ ಕಂಪನಿಯ ಟೊರೆಂಟ್ ತುಂಬಾ ಒಳ್ಳೆಯ ಕಂಪ್ಯೂಟರ್ ಕ್ಯಾಬಿನೆಟ್. ಒಂದೇ ಕಾರ್ಡ್ ಇದ್ದರೆ ಇದಕ್ಕೆ ಇಷ್ಟು ದುಡ್ಡು ಸುರಿಯುವುದು ಸುಮ್ನೆ ದಂಡ. ಇನ್ನು ಎರಡು ಕಾರ್ಡಿನವರೂ ಇದನ್ನು ತಂದ ಮಾತ್ರಕ್ಕೆ ಬಿಸಿಯ ತಲೆನೋವು ಮುಗಿಯಿತು ಅಂದುಕೊಳ್ಳಬೇಡಿ. ಪವರ್ ಲಿಮಿಟ್, ಅಂದರೆ ಕಾರ್ಡು ಎಳೆಯಬಹುದಾದ ವಾಟ್‌ನ ಮಿತಿ, ಇಳಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಅದು ಮಾಡುವಷ್ಟು ಕೆಲಸವನ್ನು ಯಾವ ಫ್ಯಾನೂ ಮಾಡುವುದಿಲ್ಲ.

ನನ್ನದು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅನಿಮೇಶನ್ ರೆಂಡರ್ ಮಾಡುವ, ಅಂದರೆ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿ ಹೊರತೆಗೆಯುವ ಕೆಲಸ. ಊರು ದಾವಣಗೆರೆ, ಕೋಣೆಯ ಮೇಲೆ ಬರೀ ತಾರಸಿ, ಹಾಗಾಗಿ ಬೇಸಿಗೆಯ ಬಗ್ಗೆ ಬೇರೆ ಹೇಳಬೇಕಿಲ್ಲ. ಕ್ಯಾಬಿನೆಟ್ಟಿನ ಒಳಗಿರುವುದು ಎನ್‌ವಿಡಿಯಾದ ಎರಡು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡು. 2020ರಲ್ಲಿ ಬಂದ ಕಾರ್ಡು ಇನ್ನೂ ಯಾಕೆ ಅಂತ ಕೇಳಬಹುದು. 24 ಜಿಬಿ ಮೆಮೊರಿ ಇದೆ, ಮತ್ತೆ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡು ಓಡಿಸಿ ಇಥೀರಿಯಂ ಅನ್ನುವ ಕ್ರಿಪ್ಟೋ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಇವು ರಾಶಿ ರಾಶಿ ಬಂದವು. ಬ್ಲೆಂಡರ್‌ನ ಸೈಕಲ್ಸ್ ಅನ್ನುವ ರೆಂಡರ್ ಎಂಜಿನ್ ಎರಡೂ ಕಾರ್ಡನ್ನು ಒಟ್ಟಿಗೆ ದುಡಿಸುತ್ತದೆ, ಸಮಯ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ.

ಈಗ ಲೆಕ್ಕ ನೋಡಿ. ಒಂದು 3090 ಪೂರ್ತಿ ಓಡಿದರೆ 350 ವಾಟ್. ಎರಡಕ್ಕೆ 700. ಪ್ರೊಸೆಸರ್, ಫ್ಯಾನು, ಡಿಸ್ಕು, ಪವರ್ ಸಪ್ಲೈ ನುಂಗುವ ಪಾಲು ಎಲ್ಲ ಸೇರಿ ಗೋಡೆಯ ಸಾಕೆಟ್ಟಿನಿಂದ 900-1000 ವಾಟ್ ಎಳೆಯುತ್ತದೆ. ಅದಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುವುದು. ಅಂದರೆ ದಾವಣಗೆರೆಯ ಏಪ್ರಿಲ್‌ನಲ್ಲಿ ಕೋಣೆಯೊಳಗೆ ಒಂದು ರೂಮ್ ಹೀಟರ್ ಹಚ್ಚಿಟ್ಟು ಕೂತಂತೆ. ಗಂಟೆಗೆ ಸುಮಾರು ಒಂದು ಯೂನಿಟ್ ಕರೆಂಟು ಬೇರೆ.

ಟೊರೆಂಟ್‌ನ ಜಾಣತನ ಇರುವುದು ಕೆಳಭಾಗದಲ್ಲಿ. ಮಾಮೂಲಿ ಕ್ಯಾಬಿನೆಟ್ಟಿನಲ್ಲಿ ಪವರ್ ಸಪ್ಲೈ ಕೆಳಗಿರುತ್ತದೆ, ಅದರ ಮೇಲೊಂದು ತಗಡಿನ ಮುಚ್ಚಳ, ಎರಡನೇ ಕಾರ್ಡಿನ ಫ್ಯಾನು ಆ ತಗಡಿಗೆ ಮೂತಿ ಹಚ್ಚಿಕೊಂಡು ಉಸಿರಿಗೆ ಒದ್ದಾಡುತ್ತಿರುತ್ತದೆ. ಇಲ್ಲಿ ಪವರ್ ಸಪ್ಲೈಯನ್ನು ಮೇಲಕ್ಕೆ ಹಾಕಿದ್ದಾರೆ. ತಳದಲ್ಲಿ 140 ಎಂಎಂನ 3 ಫ್ಯಾನು, ಮುಂದೆ 180 ಎಂಎಂನ 2 ಫ್ಯಾನು, ಎಲ್ಲ ಡಬ್ಬದ ಜೊತೆಗೇ ಬರುತ್ತವೆ, ಬೇರೆ ಕೊಳ್ಳಬೇಕಿಲ್ಲ. ಐದೂ ಗಾಳಿಯನ್ನು ಒಳಗೆ ನೂಕುತ್ತವೆ. ಹೊರಗೆ ಎಳೆಯುವ ಫ್ಯಾನು ಒಂದೂ ಇಲ್ಲ, ಒಳಗಿನ ಒತ್ತಡಕ್ಕೇ ಬಿಸಿಗಾಳಿ ಹಿಂದಿನ ಜಾಲರಿಯಿಂದ ಹೋಗುತ್ತದೆ. ನಮ್ಮ ಧೂಳಿಗೆ ಇದೇ ಸರಿ, ಯಾಕೆಂದರೆ ಗಾಳಿ ಒಳಗೆ ಬರುವುದೆಲ್ಲ ಫಿಲ್ಟರ್ ಇರುವ ಕಡೆಯಿಂದ, ಸಂದಿಗೊಂದಿಯಿಂದ ಅಲ್ಲ. ಫಿಲ್ಟರ್ ಮಾತ್ರ ಆಗಾಗ ತೊಳೆಯಲೇಬೇಕು.

ಕೆಳಗಿನ ಕಾರ್ಡು ನಿಜಕ್ಕೂ ಆರಾಮಾಗಿದೆ. ಮೇಲಿನದು ಯಾವಾಗಲೂ ಅದಕ್ಕಿಂತ 8-10 ಡಿಗ್ರಿ ಜಾಸ್ತಿ. ಇದು ಕ್ಯಾಬಿನೆಟ್ಟಿನ ತಪ್ಪಲ್ಲ. 3090ರಲ್ಲಿ 24 ಮೆಮೊರಿ ಚಿಪ್ಪುಗಳಿವೆ, 12 ಮುಂದೆ, 12 ಬೋರ್ಡಿನ ಬೆನ್ನಿಗೆ. ಕೆಳಗಿನ ಕಾರ್ಡಿನ ಕಾದ ಬೆನ್ನು ಮೇಲಿನ ಕಾರ್ಡಿನ ಫ್ಯಾನಿನ ಎದುರಿಗೇ ಇರುತ್ತದೆ. ಆ ಬಿಸಿಗಾಳಿಯನ್ನೇ ಅದು ಎಳೆದುಕೊಳ್ಳಬೇಕು, ಪಾಪ. ಮುಂದಿನ 180ರ ಫ್ಯಾನುಗಳು ನಡುವೆ ಗಾಳಿ ನುಗ್ಗಿಸುವುದರಿಂದ ಇಷ್ಟರಲ್ಲಿ ನಿಂತಿದೆ. ಮದರ್‌ಬೋರ್ಡ್ ತಗೊಳ್ಳುವಾಗ ಎರಡು ಸ್ಲಾಟಿನ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ, ಕಾರ್ಡುಗಳು ಒಂದಕ್ಕೊಂದು ಅಂಟಿ ಕೂತರೆ ಟೊರೆಂಟೂ ಏನೂ ಮಾಡಲಾಗದು.

ಇನ್ನೊಂದು ವಿಷಯ. ಸಾಮಾನ್ಯವಾಗಿ ನಾವು ನೋಡುವ ತಾಪಮಾನ ಕೋರ್‌ನದು, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿನದು. ಅದು 70 ತೋರಿಸುತ್ತಾ ಇರುವಾಗಲೇ ಮೆಮೊರಿ 100 ದಾಟಿರಬಹುದು. 110ಕ್ಕೆ ಮುಟ್ಟಿದರೆ ಕಾರ್ಡು ತಾನಾಗಿಯೇ ವೇಗ ಇಳಿಸುತ್ತದೆ, ನಿಮಗೆ ಕಾಣುವುದು ರೆಂಡರ್ ನಿಧಾನ ಆಗಿದೆ ಅನ್ನುವುದು ಮಾತ್ರ. ವಿಂಡೋಸ್‌ನಲ್ಲಿ ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿಕೊಂಡು ಮೆಮೊರಿ ಜಂಕ್ಷನ್ ಅನ್ನುವ ಸಾಲು ನೋಡಿ. ಮೈನಿಂಗ್‌ನಲ್ಲಿ ದುಡಿದು ಬಂದ ಕಾರ್ಡಾದರೆ ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಥರ್ಮಲ್ ಪ್ಯಾಡ್ ಒಣಗಿರಬಹುದು, ಅದನ್ನು ಬದಲಿಸದೆ ಕ್ಯಾಬಿನೆಟ್ ಬದಲಿಸಿ ಏನು ಪ್ರಯೋಜನ?

ಈಗ ಪವರ್ ಲಿಮಿಟ್. ಎರಡೂ ಕಾರ್ಡನ್ನು 350ರಿಂದ 270 ವಾಟ್‌ಗೆ ಇಳಿಸಿದ್ದೇನೆ. ರೆಂಡರ್ ಸಮಯ ಶೇಕಡಾ 5-6ರಷ್ಟು ಜಾಸ್ತಿ ಆಯಿತು, ಅಷ್ಟೇ. ಬದಲಿಗೆ 160 ವಾಟ್ ಉಳಿಯಿತು, ಫ್ಯಾನಿನ ಕಿರುಚಾಟ ನಿಂತಿತು, ಮೇಲಿನ ಕಾರ್ಡಿನ ಮೆಮೊರಿ 90ರ ಸುತ್ತಮುತ್ತ ಬಂತು. ಚಿಪ್ಪನ್ನು ಕೊನೆಯ ನೂರು ಮೆಗಾಹರ್ಟ್ಸ್‌ವರೆಗೆ ಹಿಂಡುವುದಕ್ಕೆ ವೋಲ್ಟೇಜ್ ಏರಿಸಬೇಕಾಗುತ್ತದೆ, ವಾಟ್ ಎಲ್ಲ ಹೋಗುವುದು ಅಲ್ಲೇ. ಕಂಪನಿಗಳು ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಮೇಲೆ ಕಾಣಬೇಕು ಅಂತ ಅಲ್ಲಿಯವರೆಗೆ ಹೋಗುತ್ತವೆ, ನಾವ್ಯಾಕೆ ಹೋಗಬೇಕು ಅಲ್ವಾ? ವಿಂಡೋಸ್‌ನಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ತೆರೆದು ಪವರ್ ಲಿಮಿಟ್ ಅನ್ನು ಶೇಕಡಾ 77ಕ್ಕೆ ಎಳೆಯಿರಿ. ಲಿನಕ್ಸ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಕಮಾಂಡಿಗೆ ಪಿಎಲ್ ಆಯ್ಕೆ ಕೊಟ್ಟರೆ ಆಯಿತು, ಆದರೆ ರೀಬೂಟ್ ಆದ ಮೇಲೆ ಅದು ಅಳಿಸಿಹೋಗುತ್ತದೆ, ಸ್ಟಾರ್ಟಪ್‌ನಲ್ಲೇ ಓಡುವ ಹಾಗೆ ಇಟ್ಟುಬಿಡಿ.

ಪವರ್ ಸಪ್ಲೈ ವಿಷಯದಲ್ಲಿ ಜಿಪುಣತನ ಬೇಡ. 700 ವಾಟ್ ಕಾರ್ಡಿಗೆ 1000 ವಾಟ್ ಸಪ್ಲೈ ಸಾಕು ಅನ್ನುವವರು ಇದ್ದಾರೆ, ಸರಾಸರಿ ಲೆಕ್ಕದಲ್ಲಿ ಅದು ಸರಿಯೇ. ಆದರೆ 3090 ಕೆಲವು ಮಿಲಿಸೆಕೆಂಡ್ ಮಟ್ಟಿಗೆ ತನ್ನ 350 ಬಿಟ್ಟು ಬಹಳ ಮೇಲಕ್ಕೆ ಜಿಗಿಯುತ್ತದೆ. ಎರಡೂ ಕಾರ್ಡು ಒಟ್ಟಿಗೆ ಜಿಗಿದ ಕ್ಷಣ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಟಪ್ ಅಂತ ಆಫ್ ಆಗುತ್ತದೆ. ಎರರ್ ಇಲ್ಲ, ನೀಲಿ ಪರದೆ ಇಲ್ಲ, ಸೀದಾ ಕತ್ತಲು. ನಾನು ಹಾಕಿರುವುದು 1300 ವಾಟ್‌ನದು. ಇಂಥ ಜಿಗಿತವನ್ನು ತಡೆದುಕೊಳ್ಳಬೇಕು ಅಂತಲೇ 2022ರಲ್ಲಿ ಪವರ್ ಸಪ್ಲೈಗಳಿಗೆ ಎಟಿಎಕ್ಸ್ 3.0 ಅನ್ನುವ ನಿಯಮ ಬಂತು, ಹೊಸದು ಕೊಳ್ಳುವವರು ಅದನ್ನೇ ನೋಡಿ. ಒಂದು 8-ಪಿನ್ ಕನೆಕ್ಟರಿನ ಲೆಕ್ಕ 150 ವಾಟ್. ಹಾಗಾಗಿ ಒಂದೇ ಕೇಬಲ್ಲಿನ ಎರಡು ತಲೆಯನ್ನು ಒಂದು ಕಾರ್ಡಿಗೆ ಚುಚ್ಚುವ ಬದಲು ಪ್ರತಿ ಕನೆಕ್ಟರಿಗೂ ಸಪ್ಲೈಯಿಂದ ಬೇರೆ ಬೇರೆ ಕೇಬಲ್ ಎಳೆಯಿರಿ. ಸಪ್ಲೈ ಮೇಲಿರುವುದರಿಂದ ಟೊರೆಂಟ್‌ನಲ್ಲಿ ಈ ಕೇಬಲ್ಲುಗಳ ದಾರಿ ಮೊದಲ ಸಲ ಸ್ವಲ್ಪ ಗೊಂದಲ ಮಾಡುತ್ತದೆ.

ಗೋಡೆಯ ಕಡೆಗೂ ಗಮನ ಇರಲಿ. 6 ಆಂಪಿಯರ್ ಸಾಕೆಟ್ 230 ವೋಲ್ಟಿಗೆ 1380 ವಾಟ್ ಲೆಕ್ಕ, ಕಾಗದದ ಮೇಲೆ ಸಾಕು. ರಾತ್ರಿಯಿಡೀ 1000 ವಾಟ್ ಎಳೆಯುವಾಗ ಹಳೇ ಸಾಕೆಟ್ಟು, ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸು ಬಿಸಿಯಾಗುತ್ತವೆ. ನಾನಂತೂ 16 ಆಂಪಿಯರ್ ಪಾಯಿಂಟಿಗೇ ನೇರ ಹಾಕಿದ್ದೇನೆ. ಮನೆಯ ಸಣ್ಣ ಇನ್ವರ್ಟರಿಗೆ ಇದು ಆಗದ ಮಾತು. ದೊಡ್ಡ ಯುಪಿಎಸ್‌ಗೆ ದುಡ್ಡಿಲ್ಲದಿದ್ದರೆ ವಿಡಿಯೊ ಫೈಲ್ ಬದಲು ಒಂದೊಂದೇ ಫ್ರೇಮನ್ನು ಪಿಎನ್‌ಜಿ ಆಗಿ ಉಳಿಸಿ, ಕರೆಂಟು ಹೋದರೆ ಒಂದು ಫ್ರೇಮ್ ಮಾತ್ರ ಹೋಗುತ್ತದೆ.

ಎಸಿ ಹಾಕಿದರೆ ಆಯ್ತಲ್ಲ ಅನ್ನಬಹುದು. 1 ಟನ್ ಎಸಿ ಹೊರಹಾಕುವುದು ಸುಮಾರು 3.5 ಕಿಲೋವಾಟ್ ಬಿಸಿ, ಅದರಲ್ಲಿ ಕಾಲು ಭಾಗಕ್ಕೂ ಜಾಸ್ತಿ ಈ ಒಂದು ಡಬ್ಬಕ್ಕೇ ಹೋಗುತ್ತದೆ. ನಾನು ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ ದೊಡ್ಡ ರೆಂಡರ್ ಎಲ್ಲ ರಾತ್ರಿಗೇ ಇಟ್ಟುಕೊಳ್ಳುತ್ತೇನೆ. ಕ್ಯಾಬಿನೆಟ್ಟು ಕೋಣೆಯ ಗಾಳಿಯನ್ನೇ ಎಳೆಯುವುದು. ಕೋಣೆಯೇ 38 ಇದ್ದರೆ ಒಳಗಿನದು ಅದಕ್ಕಿಂತ ಕೆಳಗೆ ಹೇಗೆ ಬರುತ್ತದೆ?

ಬೇಸರದ ಸಂಗತಿಗಳೂ ಇವೆ. ದೊಡ್ಡದು, ಭಾರ, ಮೇಜಿನ ಮೇಲಿಡುವ ಮಾತಿಲ್ಲ. ಹಾರ್ಡ್ ಡಿಸ್ಕಿಗೆ ಜಾಗ ಕಡಿಮೆ, ಹಳೇ ಪ್ರಾಜೆಕ್ಟೆಲ್ಲ ಹೊರಗಿನ ಡ್ರೈವಿಗೆ ಹೋಗಬೇಕು. ಮುಂದೆಲ್ಲ ತೆರೆದ ಜಾಲರಿ ಆದ್ದರಿಂದ ಫ್ಯಾನಿನ ಸದ್ದಿಗೆ ಅಡ್ಡ ಏನೂ ಇಲ್ಲ. 180ರ ಫ್ಯಾನು ನಿಧಾನ ತಿರುಗುವಾಗ ಕೇಳಿಸುವುದೇ ಇಲ್ಲ, ಪೂರ್ತಿ ಬಿಟ್ಟರೆ ಪಕ್ಕದಲ್ಲಿ ಕೂತು ಫೋನಿನಲ್ಲಿ ಮಾತಾಡುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಟೊರೆಂಟ್ ಸಿಕ್ಕಿತು ಅಂತ ಖುಷಿಪಡುವವರು ಒಂದು ನೋಡಿಕೊಳ್ಳಿ. ಶುರುವಿನ ಬ್ಯಾಚುಗಳ ಫ್ಯಾನ್ ಹಬ್‌ನಲ್ಲಿ (ಎಲ್ಲ ಫ್ಯಾನಿನ ವೈರು ಬಂದು ಸೇರುವ ಸಣ್ಣ ಬೋರ್ಡು) ಶಾರ್ಟ್ ಸರ್ಕ್ಯೂಟ್ ಆಗುವ ಅಪಾಯ ಇದೆ ಅಂತ 2022ರ ಆರಂಭದಲ್ಲಿ ಕಂಪನಿಯೇ ಹೇಳಿ, ಮಾರಾಟ ನಿಲ್ಲಿಸಿ, ಹಬ್ ಬದಲಿಸಿಕೊಟ್ಟಿತ್ತು. ಮಾರುವವರನ್ನು ಹಬ್ ಬದಲಾಗಿದೆಯಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಹಬ್ ಕಿತ್ತುಹಾಕಿ ಫ್ಯಾನುಗಳನ್ನು ಮದರ್‌ಬೋರ್ಡಿಗೆ ನೇರ ಹಾಕಿಕೊಳ್ಳಿ, ಅದರಲ್ಲಿ ಫ್ಯಾನ್ ಚುಚ್ಚುವ ಹೆಡರ್ ಸಾಲದಿದ್ದರೆ ಬೇರೆ ಹಬ್ ಕಡಿಮೆ ದುಡ್ಡಿಗೇ ಸಿಗುತ್ತದೆ.