ಮಾಟುಂಗಾದಲ್ಲಿ ಬಾಳೆಎಲೆಯ ಊಟ

ಮೂವತ್ತು ವರ್ಷ ಬಾಳಿದ ಧಾರವಾಡದ ಮನೆಯನ್ನು ಬಿಟ್ಟು ಮಗನೊಂದಿಗೆ ಮುಂಬಯಿಗೆ ಬಂದ ಮೊದಲ ತಿಂಗಳು, ತರಿಸಿಕೊಳ್ಳುತ್ತಿದ್ದ ಡಬ್ಬಿಯ ಊಟ ನನಗೂ ಪತ್ನಿಗೂ ಒಗ್ಗಲೇ ಇಲ್ಲ. ನೆರೆಮನೆಯ ಮಂಗಳೂರಿನವರ ಮಾತು ಕೇಳಿ, ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದ ಬಳಿ 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋದೆವು.

ಮೊದಲ ಮಹಡಿಯಲ್ಲಿ ಬಾಳೆಎಲೆಯ ಮುಂದೆ ಕುಳಿತ ನಮಗೆ ಪಲ್ಯ, ಸಾಂಬಾರು, ತಿಳಿಸಾರು, ಮೊಸರು ಒಂದೊಂದಾಗಿ ಬಂದವು. ಹುಳಿ, ಮೆಣಸು, ಇಂಗು ಹದವಾಗಿ ಬೆರೆತ ಆ ಸಾರನ್ನು ನಾನು ಮೂರು ಸಲ ಹಾಕಿಸಿಕೊಂಡೆ, ಬಡಿಸುವವರು "ಇನ್ನೊಂದು ಸ್ವಲ್ಪ ಅನ್ನ ಹಾಕಲೇ?" ಎಂದು ಕನ್ನಡದಲ್ಲಿಯೇ ಕೇಳಿದಾಗ, ಊರು ಬಿಟ್ಟ ದಿನದಿಂದ ಮೌನವಾಗಿದ್ದ ಪತ್ನಿ ತಟ್ಟನೆ ತಲೆಯೆತ್ತಿ "ಹಾಕ್ರಿ" ಎಂದಳು. ಇದು ಕರಾವಳಿಯ ಅಡುಗೆ, ನಮ್ಮ ಕಡೆಯ ರೊಟ್ಟಿ, ಎಣ್ಣೆಗಾಯಿಯನ್ನು ನಿರೀಕ್ಷಿಸಬಾರದು. ಆದರೂ ಹೊಸದಾಗಿ ಬಂದ ಕನ್ನಡಿಗರು ಮೊದಲ ವಾರದಲ್ಲಿಯೇ ಇಲ್ಲಿ ಉಣ್ಣಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. 1926ರಲ್ಲಿ ಸ್ಥಾಪನೆಯಾದ ಇಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಕೂಡ ಮಾಟುಂಗಾದಲ್ಲಿಯೇ ಇರುವುದರಿಂದ, ಊಟ ಮುಗಿಸಿ ನಾವು ಅತ್ತ ನಡೆದೆವು; ದಾರಿಯಲ್ಲಿ ಪತ್ನಿ ಕರಿಬೇವು, ಬಾಳೆಎಲೆ ಕೊಂಡಳು.