ಕ್ಲ್ಯಾಶ್ ಆಫ್ ಕ್ಲ್ಯಾನ್ಸ್: ಸೈನ್ಯ ತಕ್ಷಣ ಸಿದ್ಧ, ಬಿಲ್ಡರ್ ಮಾತ್ರ ಸಿಗೋದಿಲ್ಲ

ಹಳ್ಳಿ ಕಟ್ಟಿ, ಬೇರೆಯವರ ಹಳ್ಳಿಗಳ ಮೇಲೆ ದಾಳಿ ಮಾಡುವ ಮೊಬೈಲ್ ಆಟ ಇದು. 2012ರ ಆಗಸ್ಟ್‌ನಲ್ಲಿ ಐಫೋನ್‌ಗೆ, ಮರುವರ್ಷ ಆಂಡ್ರಾಯ್ಡ್‌ಗೆ ಬಂದ ಈ ಆಟದಲ್ಲಿ ಫಿನ್ಲೆಂಡ್‌ನ ಸೂಪರ್‌ಸೆಲ್ ಕಂಪನಿ ಮಾರುತ್ತಿರುವ ಸರಕು ಒಂದೇ: ಸಮಯ. ಆದರೆ ಆಟಗಾರರ ತಾಳ್ಮೆ ತೆಳುವಾದಂತೆ ಮಾರುವ ಬಗೆ ಬದಲಾಗಿದೆ. ಪಡೆ ಕಟ್ಟಲು ಎಲಿಕ್ಸಿರ್ (ಆಟದೊಳಗಿನ ಸಂಪನ್ಮೂಲ) ಸುರಿಯುವುದು 2022ರಲ್ಲಿ ನಿಂತಿತು, ತರಬೇತಿಗೆ ಕಾಯುವುದು 2025ರ ಮಾರ್ಚ್‌ನಲ್ಲಿ ಹೋಯಿತು. ಈಗ ಒಂದು ದಾಳಿ ಕೆಟ್ಟರೆ ಮರುಕ್ಷಣವೇ ಇನ್ನೊಂದಕ್ಕೆ ಇಳಿಯಬಹುದು.

ಅಪ್‌ಗ್ರೇಡ್‌ಗಳ ಟೈಮರ್ ಮಾತ್ರ ಉಳಿದಿದೆ. ಹಳ್ಳಿಯ ಮುಖ್ಯ ಕಟ್ಟಡವಾದ ಟೌನ್ ಹಾಲ್‌ನ ಮೇಲಿನ ಮಟ್ಟಗಳಲ್ಲಿ ಒಂದೊಂದು ಅಪ್‌ಗ್ರೇಡ್‌ಗೂ ದಿನಗಟ್ಟಲೆ ಬೇಕು. ಹಾಗಾಗಿ ಜೆಮ್ಸನ್ನು (ದುಡ್ಡು ಕೊಟ್ಟೂ ಕೊಳ್ಳಬಹುದಾದ ಆಟದ ಹಣ) ಕಟ್ಟಡ ಕಟ್ಟುವ ಬಿಲ್ಡರ್‌ಗಳಿಗೇ ಮೀಸಲಿಡಿ: ಮೂರನೆಯವನಿಗೆ 500, ನಾಲ್ಕನೆಯವನಿಗೆ 1000, ಐದನೆಯವನಿಗೆ 2000. ಆರನೆಯವನನ್ನು ಬಿಲ್ಡರ್ ಬೇಸ್ (ಆಟದ ಎರಡನೇ ಹಳ್ಳಿ) ಆಡಿಯೇ ಗಳಿಸಬೇಕು. ಆರಂಭದಲ್ಲಿ ಸಿಕ್ಕ ಜೆಮ್ಸನ್ನು ಟೈಮರ್ ಮುಗಿಸಲು ಉಡಾಯಿಸುವುದು ಹೊಸಬರ ಮಾಮೂಲಿ ಎಡವಟ್ಟು. ಪೊದೆ, ಮರ ಕಡಿದರೂ ಕೆಲವು ಸಲ ಜೆಮ್ಸ್ ಉದುರುತ್ತವೆ. ಹಳ್ಳಿಯಲ್ಲಿ ಕಾಣಿಸಿಕೊಳ್ಳುವ ಜೆಮ್ ಬಾಕ್ಸ್ ತೆಗೆದರೆ 25.

ಟೌನ್ ಹಾಲ್ ಏರಿದ ದಿನ ಮೊದಲು ಪಡೆಯ ಮಟ್ಟ ಏರಿಸುವ ಲ್ಯಾಬೊರೇಟರಿ, ಪಡೆ ಉಳಿಯುವ ಆರ್ಮಿ ಕ್ಯಾಂಪ್, ಕ್ಲ್ಯಾನ್‌ನವರು (ನಿಮ್ಮ ತಂಡದವರು) ಕೊಟ್ಟ ಪಡೆ ಇರುವ ಕ್ಲ್ಯಾನ್ ಕ್ಯಾಸಲ್‌ಗೆ ಕೈ ಹಾಕಿ. ಫಿರಂಗಿ, ಗೋಡೆಗಳು ಆಮೇಲೆ. ಪಡೆ ಹಳೆಯ ಮಟ್ಟದಲ್ಲೇ ಇದ್ದು ಟೌನ್ ಹಾಲ್ ಮಾತ್ರ ಏರಿಸಿಕೊಂಡು ಹೋದವರು ಕ್ಲ್ಯಾನ್‌ಗಳ ನಡುವಿನ ವಾರ್‌ನಲ್ಲಿ ತಮ್ಮ ಕ್ಲ್ಯಾನ್‌ಗೆ ಹೊರೆ.

ಜನರನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವುದು ಆ ವಾರ್‌ಗಳೇ. ಸುಮಾರು ಒಂದು ದಿನ ತಯಾರಿ, ಒಂದು ದಿನ ಯುದ್ಧ, ತಲೆಗೆ ಎರಡು ದಾಳಿ. ನಿಮ್ಮ ದಾಳಿ ಬಾಕಿಯಿರುವುದು ಇಡೀ ಕ್ಲ್ಯಾನ್‌ಗೆ ಕಾಣುತ್ತದೆ. ಯಾವ ನೋಟಿಫಿಕೇಶನ್‌ಗೂ ಆ ಮುಜುಗರದಷ್ಟು ಬಲವಿಲ್ಲ. ಮೂರು ನಿಮಿಷದ ದಾಳಿ ಕೆಡುವುದು ಸಾಮಾನ್ಯವಾಗಿ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ. ಎರಡೂ ಬದಿಯ ಹೊರಗಿನ ಕಟ್ಟಡಗಳನ್ನು ಒಡೆಯದೆ ನಡುವೆ ಪಡೆ ಬಿಟ್ಟರೆ ಅದು ಒಳಗೆ ನುಗ್ಗದೆ ಬೇಸನ್ನು (ಎದುರಾಳಿಯ ಹಳ್ಳಿಯನ್ನು) ಪ್ರದಕ್ಷಿಣೆ ಹಾಕುತ್ತದೆ. ಟೌನ್ ಹಾಲ್ ಉಳಿದು, ನಾಶ 49 ಶೇಕಡಾಕ್ಕೆ ನಿಂತರೆ ದಾಳಿಗೆ ಸಿಗುವ ಸ್ಟಾರ್ ಸೊನ್ನೆ.

ದುಡ್ಡು ಹಾಕುವುದಾದರೆ 2019ರಲ್ಲಿ ಬಂದ ಗೋಲ್ಡ್ ಪಾಸ್ (ಹಂತ ದಾಟಿದಂತೆ ಬಹುಮಾನ ಕೊಡುವ ತಿಂಗಳ ಪಾಸ್) ಸಾಕು. ಅದೂ ಐದು ಬಿಲ್ಡರ್ ಆದ ಮೇಲೆ, ದಿನಾ ಆಡುವವರಿಗೆ. ತಿಂಗಳ ಕೊನೆಯಲ್ಲಿ ಕೊಂಡರೂ ಅಲ್ಲಿಯವರೆಗೆ ದಾಟಿದ ಹಂತಗಳ ಬಹುಮಾನ ಸಿಗುತ್ತದೆ. ಕಟ್ಟಡದ ಸಮಯ ತಗ್ಗಿಸುವ ಸೌಲಭ್ಯಕ್ಕೆ ಮಾತ್ರ ಹೆಚ್ಚು ದಿನ ಉಳಿದಿರುವುದಿಲ್ಲ. ಮೊದಲ ವಾರವೇ ಕೊಳ್ಳುವುದು ಅದಕ್ಕೆ.